ವೈರಸ್ ಬಂದಿದೆಯೋ, ಆಂಟಿವೈರಸ್ಸೇ ಕೆಟ್ಟಿದೆಯೋ? ಏನನ್ನೂ ಡಿಲೀಟ್ ಮಾಡುವ ಮೊದಲು ಇದನ್ನು ಓದಿ

ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಧಾನವಾಗಿದೆ, ಸ್ಕ್ರೀನ್ ಮೇಲೆ ಕೆಂಪು ಎಚ್ಚರಿಕೆ ಬರುತ್ತಿದೆ, ಬ್ರೌಸರ್ ತೆರೆದರೆ ಯಾವುದೋ ಗೊತ್ತಿಲ್ಲದ ಸರ್ಚ್ ಪುಟ ಕಾಣಿಸುತ್ತಿದೆ. ಇಂಥ ಹೊತ್ತಿನಲ್ಲಿ ತುಂಬಾ ಜನ ಏನು ಮಾಡುತ್ತಾರೆ ಅಂದರೆ, ಹುಡುಕಿದಾಗ ಮೊದಲು ಸಿಕ್ಕ ಆಂಟಿವೈರಸ್ ಹಾಕುತ್ತಾರೆ, ಅದು ಏನೂ ಹಿಡಿಯದಿದ್ದರೆ ಅದರ ಮೇಲೆ ಇನ್ನೊಂದು ಹಾಕುತ್ತಾರೆ, ಆಮೇಲೆ ಅನುಮಾನ ಬಂದ ಫೈಲ್‌ಗಳನ್ನೆಲ್ಲ ಅಳಿಸುತ್ತಾ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವೈರಸ್ ಏನೂ ಮಾಡದೆ ಬಿಟ್ಟಿದ್ದ ಫೋಟೊ, ದಾಖಲೆಗಳು ಈ ಅವಸರದಲ್ಲೇ ಹೋಗಿಬಿಡುತ್ತವೆ.

ಮೂರು ಬೇರೆ ಬೇರೆ ತೊಂದರೆಗಳು ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ನಿಜವಾಗಿಯೂ ವೈರಸ್ ಬಂದಿರಬಹುದು. ಯಾವುದೋ ವೆಬ್‌ಸೈಟ್ ಸುಳ್ಳು ಎಚ್ಚರಿಕೆ ತೋರಿಸಿ ಹೆದರಿಸುತ್ತಿರಬಹುದು. ಇಲ್ಲವೇ ನಿಮ್ಮ ಆಂಟಿವೈರಸ್ಸೇ ಕೆಟ್ಟು ಕೂತಿರಬಹುದು. ಮೂರಕ್ಕೂ ಪರಿಹಾರ ಬೇರೆ, ಹಾಗಾಗಿ ಮೊದಲು ಯಾವುದು ಅಂತ ತಿಳಿದುಕೊಳ್ಳಬೇಕು. ನಾನು ಇಲ್ಲಿ ಹೇಳುತ್ತಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು.

ಬರೀ ನಿಧಾನವಾಗಿದೆ ಅಂದಮಾತ್ರಕ್ಕೆ ವೈರಸ್ ಅಂದುಕೊಳ್ಳಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಕಾಲಂ ಯಾವಾಗಲೂ 100% ತೋರಿಸುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಸಾಯುತ್ತಿರಬಹುದು, ಅಥವಾ ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿರಬಹುದು. ಮೆಮೊರಿ ತುಂಬಿದ್ದರೆ ಬ್ರೌಸರ್‌ನಲ್ಲಿ ತೆರೆದಿಟ್ಟ ಟ್ಯಾಬ್‌ಗಳು ಕಾರಣವಾಗಿರಬಹುದು. ಸ್ಟಾರ್ಟಪ್ ವಿಭಾಗದಲ್ಲಿ ಬೇಡದ ಪ್ರೋಗ್ರಾಂಗಳನ್ನು ಡಿಸೇಬಲ್ ಮಾಡಿದರೇ ಎಷ್ಟೋ ಕಂಪ್ಯೂಟರ್‌ಗಳು ಸರಿಹೋಗುತ್ತವೆ.

ಸುಳ್ಳು ಎಚ್ಚರಿಕೆ

ಸ್ಕ್ರೀನ್ ತುಂಬಾ ಒಂದು ಪುಟ, ಜೋರಾಗಿ ಕೂಗುವ ಧ್ವನಿ, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ" ಅನ್ನುವ ಸಂದೇಶ. ಇದು ವೈರಸ್ ಅಲ್ಲ, ಬ್ರೌಸರ್‌ನಲ್ಲಿ ತೆರೆದಿರುವ ಒಂದು ಮಾಮೂಲಿ ವೆಬ್ ಪುಟ. ಇದನ್ನು ಗುರುತಿಸುವುದು ಸುಲಭ: ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಅದು ಮೋಸ, ಎರಡನೇ ಯೋಚನೆ ಬೇಡ.

ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫುಲ್ ಸ್ಕ್ರೀನ್ ಹೋಗುತ್ತದೆ, ಆಮೇಲೆ ಟ್ಯಾಬ್ ಮುಚ್ಚಿ. ಆಗದಿದ್ದರೆ ಆಲ್ಟ್ ಮತ್ತು ಎಫ್4 ಒತ್ತಿ. ಅದೂ ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಹೆಸರಿನ ಮೇಲೆ ಎಂಡ್ ಟಾಸ್ಕ್ ಕೊಡಿ. ಮತ್ತೆ ಬ್ರೌಸರ್ ತೆರೆದಾಗ ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲೇ ಅಂತ ಕೇಳುತ್ತದೆ, ಬೇಡ ಅನ್ನಿ.

ಸ್ಕ್ರೀನಿನ ಕೆಳಮೂಲೆಯಲ್ಲಿ ಪದೇ ಪದೇ "5 ವೈರಸ್ ಸಿಕ್ಕಿವೆ", "ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ" ಅಂತ ಬರುತ್ತಿದ್ದರೆ ಅದು ಹೆಚ್ಚಿನ ಸಲ ಬ್ರೌಸರ್ ನೋಟಿಫಿಕೇಶನ್. ಯಾವತ್ತೋ ಒಂದು ಸೈಟ್ ಕೇಳಿದಾಗ ಸುಮ್ನೆ ಅಲೋ ಒತ್ತಿರುತ್ತೀರಿ, ಅಲ್ವಾ, ಅದರ ಫಲ ಇದು. ಇದಕ್ಕೆ ಎಷ್ಟು ಸಲ ವೈರಸ್ ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ, ಯಾಕೆಂದರೆ ಸಿಗುವಂಥದ್ದು ಅಲ್ಲಿ ಏನೂ ಇಲ್ಲ. ಕ್ರೋಮ್‌ನಲ್ಲಾದರೆ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. ಅಲ್ಲಿ ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಇರುತ್ತದೆ, ಗುರುತಿಲ್ಲದ್ದನ್ನೆಲ್ಲ ತೆಗೆದುಹಾಕಿ. ಹಾಗೇ ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳ ಪುಟವನ್ನೂ ಒಮ್ಮೆ ನೋಡಿ. ಸರ್ಚ್ ಪುಟ ತಾನಾಗಿ ಬದಲಾಗುವುದಕ್ಕೆ ಎಕ್ಸ್‌ಟೆನ್ಶನ್ ಒಂದು ದೊಡ್ಡ ಕಾರಣ.

ಆ ನಂಬರಿಗೆ ಈಗಾಗಲೇ ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥದ್ದನ್ನು ಹಾಕಿಕೊಂಡು ಕಂಪ್ಯೂಟರನ್ನು ಅವರ ಕೈಗೆ ಕೊಟ್ಟಿದ್ದರೆ ವಿಷಯವೇ ಬೇರೆ. ತಕ್ಷಣ ಇಂಟರ್ನೆಟ್ ತೆಗೆಯಿರಿ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ಮತ್ತು ಆನ್‌ಲೈನ್ ವಹಿವಾಟು ನಿಲ್ಲಿಸಿ. ಆಮೇಲೆ ಆ ಪ್ರೋಗ್ರಾಂ ತೆಗೆದು, ಇದನ್ನು ನಿಜವಾದ ವೈರಸ್ ಬಂದ ಕಂಪ್ಯೂಟರ್ ಅಂತಲೇ ತಿಳಿದು ಮುಂದಿನ ಕೆಲಸ ಮಾಡಿ.

ನಿಜವಾದ ವೈರಸ್

ಆಂಟಿವೈರಸ್ ತಾನಾಗಿ ಆಫ್ ಆಗುತ್ತದೆ, ಆನ್ ಮಾಡಿದರೂ ಮತ್ತೆ ಆಫ್ ಆಗುತ್ತದೆ. ಆಂಟಿವೈರಸ್ ಕಂಪನಿಗಳ ಸೈಟ್ ಮಾತ್ರ ತೆರೆಯುವುದಿಲ್ಲ, ಬೇರೆ ಎಲ್ಲವೂ ತೆರೆಯುತ್ತವೆ. ಪೆನ್‌ಡ್ರೈವ್‌ನಲ್ಲಿದ್ದ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ನೀವು ಕಳಿಸದ ಮೆಸೇಜ್ ನಿಮ್ಮ ಖಾತೆಯಿಂದ ಹೋಗಿದೆ. ಇಂಥದ್ದು ಕಂಡರೆ ವೈರಸ್ ಇದೆ ಅಂತಲೇ ಹೊರಡಿ.

ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ. ಕದ್ದ ಮಾಹಿತಿ ಹೊರಗೆ ಹೋಗುವುದು ಅಲ್ಲಿಗೆ ನಿಲ್ಲುತ್ತದೆ. ಈ ಕಂಪ್ಯೂಟರಿನಿಂದ ಯಾವ ಖಾತೆಗೂ ಲಾಗಿನ್ ಆಗಬೇಡಿ. ಬ್ಯಾಕಪ್ ಇಟ್ಟಿರುವ ಹಾರ್ಡ್ ಡಿಸ್ಕನ್ನು ಇದಕ್ಕೆ ಸಿಕ್ಕಿಸಲೇಬೇಡಿ, ಎಷ್ಟೋ ಜನರ ಬ್ಯಾಕಪ್ ಹಾಳಾಗುವುದು ಆ ಗಳಿಗೆಯಲ್ಲೇ.

ಈಗ ಸ್ಕ್ಯಾನ್. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ. ಅಲ್ಲಿ ಕ್ವಿಕ್, ಫುಲ್, ಕಸ್ಟಮ್ ಜೊತೆಗೆ ಆಫ್‌ಲೈನ್ ಸ್ಕ್ಯಾನ್ ಅಂತ ಒಂದಿದೆ. ತುಂಬಾ ಜನ ಇದನ್ನು ನೋಡಿಯೇ ಇರುವುದಿಲ್ಲ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಇದೇ. ವಿಂಡೋಸ್ ಓಡುತ್ತಿರುವಾಗ ವೈರಸ್ ಕೂಡ ಓಡುತ್ತಿರುತ್ತದೆ, ತನ್ನನ್ನು ತಾನು ಮುಚ್ಚಿಟ್ಟುಕೊಳ್ಳುತ್ತದೆ. ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹೊರಗಿನಿಂದ ಹುಡುಕುತ್ತದೆ, ಆಗ ಅದಕ್ಕೆ ಅಡಗಲು ಜಾಗ ಇರುವುದಿಲ್ಲ. ಸುಮಾರು 15 ನಿಮಿಷ ಬೇಕು. ಏನು ಸಿಕ್ಕಿತು ಅಂತ ಆಮೇಲೆ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ನೋಡಬಹುದು.

ಎರಡನೇ ಅಭಿಪ್ರಾಯ ಬೇಕಿದ್ದರೆ ಚೆನ್ನಾಗಿರುವ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತನ್ನಿ. ಅದನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಹಾಗೇ ಓಡುತ್ತದೆ. ಇಳಿಸಿಕೊಂಡ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಹಾಗಾಗಿ ಹಳೆಯದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ, ಬೇಕಾದಾಗ ಹೊಸದಾಗಿ ತರಬೇಕು.

ಸ್ಕ್ಯಾನ್ ಮುಗಿದ ಮೇಲೆ ತಪ್ಪದೆ ನೋಡಬೇಕಾದ ಒಂದು ಜಾಗ ಇದೆ: ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್ ಒಳಗಿನ ಎಕ್ಸ್‌ಕ್ಲೂಷನ್ಸ್. ಇದು "ಇಲ್ಲಿ ಮಾತ್ರ ಹುಡುಕಬೇಡ" ಅಂತ ಆಂಟಿವೈರಸ್‌ಗೆ ಹೇಳುವ ಪಟ್ಟಿ. ಎಷ್ಟೋ ವೈರಸ್‌ಗಳು ಒಳಗೆ ಬಂದ ತಕ್ಷಣ ತಾವಿರುವ ಫೋಲ್ಡರನ್ನು ಇಲ್ಲಿ ಸೇರಿಸುತ್ತವೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಬರುವ ಸೂಚನೆಯಲ್ಲೂ ಮೊದಲು ಈ ಕೆಲಸ ಮಾಡಿ ಅಂತಲೇ ಇರುತ್ತದೆ. ಇಡೀ ಸಿ ಡ್ರೈವ್ ಈ ಪಟ್ಟಿಯಲ್ಲಿದ್ದರೆ ಆಂಟಿವೈರಸ್ ಎಲ್ಲ ಸರಿಯಾಗಿದೆ ಅಂತ ಹಸಿರು ಗುರುತು ತೋರಿಸುತ್ತಾ ಕೂತಿರುತ್ತದೆ, ಏನನ್ನೂ ಹಿಡಿಯುವುದಿಲ್ಲ. ನೀವೇ ಸೇರಿಸಿದ್ದು ಅಂತ ಖಾತ್ರಿ ಇಲ್ಲದ್ದನ್ನೆಲ್ಲ ತೆಗೆದು ಮತ್ತೊಮ್ಮೆ ಸ್ಕ್ಯಾನ್ ಮಾಡಿ.

ಪೆನ್‌ಡ್ರೈವ್‌ನ ಶಾರ್ಟ್‌ಕಟ್ ವೈರಸ್ ವಿಷಯಕ್ಕೆ ಬಂದರೆ, ಫೈಲ್‌ಗಳು ಹೋಗಿರುವುದಿಲ್ಲ, ಕಾಣದಂತೆ ಮಾಡಿರುತ್ತದೆ ಅಷ್ಟೇ. ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಆ ಶಾರ್ಟ್‌ಕಟ್‌ಗಳ ಮೇಲೆ ಡಬಲ್ ಕ್ಲಿಕ್ಕೂ ಬೇಡ, ವೈರಸ್ ಶುರುವಾಗುವುದೇ ಅದರಿಂದ. ಮೊದಲು ಕಂಪ್ಯೂಟರ್ ಶುಚಿ ಮಾಡಿ, ಆಮೇಲೆ ಪೆನ್‌ಡ್ರೈವ್ ಸಿಕ್ಕಿಸಿ ಅದನ್ನೂ ಸ್ಕ್ಯಾನ್ ಮಾಡಿ. ಇದು ಉಲ್ಟಾ ಆದರೆ ಸಿಕ್ಕಿಸಿದ ಕೂಡಲೇ ಮತ್ತೆ ಅಂಟಿಕೊಳ್ಳುತ್ತದೆ. ಕೊನೆಗೆ ಫೈಲ್ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿಸಿದ ಫೈಲ್‌ಗಳನ್ನು ತೋರಿಸು ಅನ್ನುವುದನ್ನು ಆನ್ ಮಾಡಿ, ಸಿಸ್ಟಮ್ ಫೈಲ್‌ಗಳನ್ನು ಅಡಗಿಸು ಅನ್ನುವ ಟಿಕ್ ಕೂಡ ಸ್ವಲ್ಪ ಹೊತ್ತಿಗೆ ತೆಗೆಯಿರಿ. ಮೊದಲನೆಯದನ್ನು ಮಾತ್ರ ಮಾಡಿದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ಕಂಡ ಫೈಲ್‌ಗಳನ್ನು ಕಾಪಿ ಮಾಡಿಕೊಂಡ ಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಟಿಕ್ ಮತ್ತೆ ಹಾಕಿ.

ಆಂಟಿವೈರಸ್ಸೇ ತೊಂದರೆ ಕೊಟ್ಟಾಗ

ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆಂಟಿವೈರಸ್‌ಗೆ ಕಂಪ್ಯೂಟರಿನಲ್ಲಿ ಎಲ್ಲದರ ಮೇಲೂ ಅಧಿಕಾರ ಇರುತ್ತದೆ, ಇಲ್ಲದಿದ್ದರೆ ಅದು ಕೆಲಸ ಮಾಡಲಾಗದು. ಹಾಗಾಗಿ ಅದು ಒಮ್ಮೆ ತಪ್ಪು ಮಾಡಿದರೆ ಆಗುವ ಹಾನಿಯೂ ದೊಡ್ಡದು. 2008ರ ನವೆಂಬರ್‌ನಲ್ಲಿ ಎವಿಜಿ ಆಂಟಿವೈರಸ್ ವಿಂಡೋಸ್ ಎಕ್ಸ್‌ಪಿಯ ಅಗತ್ಯ ಫೈಲೊಂದನ್ನು ಟ್ರೋಜನ್ (ಒಳ್ಳೆಯ ಪ್ರೋಗ್ರಾಂ ವೇಷದ ವೈರಸ್) ಅಂದುಬಿಟ್ಟಿತು, ಅದನ್ನು ನಂಬಿ ಅಳಿಸಿದವರ ಕಂಪ್ಯೂಟರ್ ಮತ್ತೆ ಶುರುವಾಗಲಿಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್ ಎಕ್ಸ್‌ಪಿಯ ಇನ್ನೊಂದು ಮುಖ್ಯ ಫೈಲನ್ನು ವೈರಸ್ ಅಂತ ತಿಳಿದು ತೆಗೆದುಹಾಕಿತು, ಕಂಪ್ಯೂಟರ್‌ಗಳು ಪದೇ ಪದೇ ರೀಸ್ಟಾರ್ಟ್ ಆಗತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ನೀಲಿ ಸ್ಕ್ರೀನಿಗೆ ತಳ್ಳಿತು, ವಿಮಾನಗಳೂ ನಿಂತವು. ಅದು ಕಂಪನಿಗಳು ಬಳಸುವ ಸಾಫ್ಟ್‌ವೇರ್, ಆದರೂ ನಮಗೆ ಗೊತ್ತಿರಬೇಕಾದ ವಿಷಯ ಒಂದೇ: ಆಂಟಿವೈರಸ್ ಹೇಳಿತು ಅಂದಮಾತ್ರಕ್ಕೆ ಅದು ನಿಜವಾಗಿರಬೇಕಿಲ್ಲ.

ಅದಕ್ಕೇ ಆಂಟಿವೈರಸ್ ಏನಾದರೂ ಹಿಡಿದಾಗ ಡಿಲೀಟ್ ಬದಲು ಕ್ವಾರಂಟೈನ್ ಆರಿಸಿ. ಕ್ವಾರಂಟೈನ್‌ನಲ್ಲಿರುವ ಫೈಲ್ ಓಡಲಾರದು, ಆದರೆ ಬೇಕಾದರೆ ವಾಪಸ್ ತರಬಹುದು. ನೀವು ವರ್ಷಗಟ್ಟಲೆ ಬಳಸುತ್ತಿರುವ ಪ್ರೋಗ್ರಾಂ ಇವತ್ತು ಇದ್ದಕ್ಕಿದ್ದಂತೆ ವೈರಸ್ ಅನಿಸಿಕೊಂಡಿದ್ದರೆ, ಅಥವಾ ವಿಂಡೋಸ್ ಫೋಲ್ಡರಿನೊಳಗಿನ ಫೈಲ್ ಮೇಲೇ ದೂರು ಬಂದಿದ್ದರೆ ಒಂದು ದಿನ ಕಾಯಿರಿ, ಆಂಟಿವೈರಸ್ ಅಪ್‌ಡೇಟ್ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ. ತಪ್ಪು ಗುರುತಾಗಿದ್ದರೆ ಕಂಪನಿಗಳು ಸಾಮಾನ್ಯವಾಗಿ ಬೇಗ ಸರಿಪಡಿಸುತ್ತವೆ. ವೈರಸ್‌ಟೋಟಲ್ ಅನ್ನುವ ಸೈಟಿಗೆ ಆ ಫೈಲ್ ಹಾಕಿದರೆ 70ಕ್ಕೂ ಹೆಚ್ಚು ಸ್ಕ್ಯಾನರ್‌ಗಳು ಏನು ಹೇಳುತ್ತವೆ ಅಂತ ಒಟ್ಟಿಗೆ ನೋಡಬಹುದು. ಒಂದೆರಡು ಮಾತ್ರ ಕೆಂಪು ತೋರಿಸಿದರೆ ತಪ್ಪು ಗುರುತು ಇರುವ ಸಾಧ್ಯತೆ ಜಾಸ್ತಿ. ಆದರೆ ಇವತ್ತು ತಾನೇ ಇಳಿಸಿಕೊಂಡ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಫೈಲಿಗೆ ಈ ಲೆಕ್ಕ ಹಾಕಬೇಡಿ, ಹೊಸ ವೈರಸ್‌ಗಳನ್ನೂ ಶುರುವಿನಲ್ಲಿ ಒಂದೆರಡೇ ಹಿಡಿಯುತ್ತವೆ. ಇನ್ನೊಂದು ಮಾತು, ಅಲ್ಲಿಗೆ ಹಾಕಿದ ಫೈಲ್ ಭದ್ರತಾ ಕಂಪನಿಗಳ ಕೈಗೂ ಹೋಗುತ್ತದೆ. ಬ್ಯಾಂಕ್ ಪತ್ರ, ವೈದ್ಯಕೀಯ ವರದಿ ಮುಂತಾದವನ್ನು ಅಲ್ಲಿ ಹಾಕಬೇಡಿ.

ಎರಡು ಆಂಟಿವೈರಸ್ ಒಟ್ಟಿಗೆ ಇಟ್ಟುಕೊಳ್ಳುವುದರಿಂದ ರಕ್ಷಣೆ ಎರಡು ಪಟ್ಟಾಗುವುದಿಲ್ಲ. ಒಂದೇ ಫೈಲನ್ನು ಎರಡೂ ಒಟ್ಟಿಗೆ ಹಿಡಿದು ತಡೆಯಲು ಹೋಗುತ್ತವೆ, ಒಂದರ ಕೆಲಸ ಇನ್ನೊಂದಕ್ಕೆ ಅನುಮಾನವಾಗಿ ಕಾಣುತ್ತದೆ, ಕಂಪ್ಯೂಟರ್ ತೆವಳುತ್ತದೆ. ಬೇರೆ ಆಂಟಿವೈರಸ್ ಹಾಕಿದಾಗ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುವುದು ಇದೇ ಕಾರಣಕ್ಕೆ. ಈಗ ನಿಮ್ಮಲ್ಲಿ ಯಾವುದು ಓಡುತ್ತಿದೆ ಅಂತ ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ಒತ್ತಿದರೆ ಕಾಣುತ್ತದೆ. ಹೊಸ ಕಂಪ್ಯೂಟರ್ ಜೊತೆ ಬಂದು, ಟ್ರಯಲ್ ಮುಗಿದು, ಹೊಸ ವೈರಸ್‌ಗಳ ಪಟ್ಟಿ ತರಿಸಿಕೊಳ್ಳದೆ ಸುಮ್ಮನೆ ಕೂತಿರುವ ಆಂಟಿವೈರಸ್ ಇದ್ದರೆ ಅದನ್ನು ತೆಗೆಯಿರಿ. ಮನೆಯ ಬಳಕೆಗೆ ಡಿಫೆಂಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ತೆಗೆಯುವುದೇ ಕಷ್ಟವಾಗುವುದೂ ಉಂಟು. ಮೊದಲು ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ ನೋಡಿ. ಅರ್ಧಕ್ಕೆ ನಿಂತರೆ ಪ್ರೋಗ್ರಾಂ ಫೋಲ್ಡರನ್ನು ಕೈಯಾರೆ ಅಳಿಸಲು ಮಾತ್ರ ಹೋಗಬೇಡಿ. ಆಂಟಿವೈರಸ್‌ನ ಡ್ರೈವರ್‌ಗಳು ವಿಂಡೋಸ್‌ನ ಆಳದಲ್ಲಿ ಬೇರೂರಿರುತ್ತವೆ, ಮೇಲಿನ ಫೋಲ್ಡರ್ ಹೋದರೂ ಅವು ಉಳಿದು ಇಂಟರ್ನೆಟ್ ಕೆಡಿಸಬಹುದು, ನೀಲಿ ಸ್ಕ್ರೀನ್ ತರಿಸಬಹುದು. ಇದಕ್ಕಾಗಿ ದೊಡ್ಡ ಕಂಪನಿಗಳೆಲ್ಲ ತಮ್ಮದೇ ರಿಮೂವಲ್ ಟೂಲ್ ಕೊಟ್ಟಿವೆ. ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್, ಮೆಕಾಫಿಗೆ ಎಂಸಿಪಿಆರ್, ಹಾಗೆಯೇ ನಾರ್ಟನ್, ಕ್ಯಾಸ್ಪರ್‌ಸ್ಕಿ, ಇಸೆಟ್ ಇವಕ್ಕೂ ಇವೆ. ಆಯಾ ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ.

ಹಾಗೆ ಓಡಿಸಿದರೂ ಆಗದಿದ್ದರೆ ಸೇಫ್ ಮೋಡ್‌ಗೆ, ಅಂದರೆ ತೀರಾ ಅಗತ್ಯವಿರುವಷ್ಟನ್ನೇ ಓಡಿಸಿ ವಿಂಡೋಸ್ ಶುರುವಾಗುವ ಸ್ಥಿತಿಗೆ ಹೋಗಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ, ನೀಲಿ ಮೆನು ಬಂದಾಗ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಅಂತ ಹೋಗಿ, ಕೊನೆಗೆ 4 ಒತ್ತಿ. ಸೇಫ್ ಮೋಡ್‌ನಲ್ಲಿ ಮಾಮೂಲಿ ಅನ್‌ಇನ್‌ಸ್ಟಾಲ್ ಎಷ್ಟೋ ಪ್ರೋಗ್ರಾಂಗಳಿಗೆ ಕೆಲಸ ಮಾಡುವುದಿಲ್ಲ, ಯಾಕೆಂದರೆ ವಿಂಡೋಸ್ ಇನ್‌ಸ್ಟಾಲರ್ ಸೇವೆ ಅಲ್ಲಿ ಓಡುವುದಿಲ್ಲ. ಹಾಗಾಗಿ ರಿಮೂವಲ್ ಟೂಲನ್ನು ಮೊದಲೇ ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಂಡೇ ಹೋಗಬೇಕು. ಹೋಗುವ ಮೊದಲು ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ರಿಕವರಿ ಕೀ ಎಲ್ಲಿದೆ ಅಂತ ನೋಡಿಕೊಳ್ಳಿ. ಡ್ರೈವ್ ಲಾಕ್ ಆಗಿರುವ ಕಂಪ್ಯೂಟರ್‌ಗಳು ಈ ಹಂತದಲ್ಲಿ 48 ಅಂಕೆಗಳ ಕೀ ಕೇಳಬಹುದು. ಹೆಚ್ಚಿನವರದ್ದು ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಫೋನಿನಿಂದ ನೋಡಬಹುದು.

ಡಿಫೆಂಡರೇ ಕೆಟ್ಟಿದ್ದರೆ? ಅಪ್‌ಡೇಟ್ ಆಗುತ್ತಿಲ್ಲ ಅಂದರೆ ಮೊದಲು ತಾರೀಕು, ಸಮಯ ಸರಿ ಇದೆಯೇ ನೋಡಿ. ಗಡಿಯಾರ ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಸಿಗುವುದಿಲ್ಲ, ಅಪ್‌ಡೇಟೂ ಬರುವುದಿಲ್ಲ. ಆಮೇಲೆ ಡ್ರೈವ್‌ನಲ್ಲಿ ಜಾಗ ಇದೆಯೇ ನೋಡಿ. ವಿಂಡೋಸ್ ಸೆಕ್ಯುರಿಟಿ ಖಾಲಿ ಕಿಟಕಿಯಾಗಿ ತೆರೆದುಕೊಂಡರೆ ಸ್ಟಾರ್ಟ್ ಮೆನುವಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಆ್ಯಪ್ ಸೆಟ್ಟಿಂಗ್ಸ್‌ಗೆ ಹೋಗಿ ರಿಪೇರ್ ಕೊಡಿ, ಆಗದಿದ್ದರೆ ರಿಸೆಟ್ ಕೊಡಿ. ಅದಕ್ಕೂ ಬಗ್ಗದಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ, ಒಂದು ಸ್ಪೇಸ್, ಓರೆಗೆರೆ, ಸ್ಕ್ಯಾನ್‌ನೌ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ (sfc /scannow) ಟೈಪ್ ಮಾಡಿ ಎಂಟರ್ ಒತ್ತಿ. ಕೆಟ್ಟ ಸಿಸ್ಟಮ್ ಫೈಲ್‌ಗಳನ್ನು ವಿಂಡೋಸೇ ಹುಡುಕಿ ಸರಿಮಾಡುತ್ತದೆ. ಮನೆಯ ಕಂಪ್ಯೂಟರಿನಲ್ಲಿ "ಈ ಸೆಟ್ಟಿಂಗ್ ನಿಮ್ಮ ಸಂಸ್ಥೆಯ ಹಿಡಿತದಲ್ಲಿದೆ" ಅಂತ ತೋರಿಸಿ ಆನ್ ಮಾಡಲು ಬಿಡದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಂಡೋಸ್‌ನ ಸೆಟ್ಟಿಂಗ್‌ಗಳನ್ನು ತಿದ್ದುವ ಯಾವುದೋ ಪ್ರೋಗ್ರಾಂ ಹಾಗೆ ಮಾಡಿರಬಹುದು, ವೈರಸ್ಸೂ ಮಾಡಿರಬಹುದು. ಆಫ್‌ಲೈನ್ ಸ್ಕ್ಯಾನ್ ಮಾಡಿ.

ಎಲ್ಲ ಸರಿಯಾದ ಮೇಲೆ ಆಂಟಿವೈರಸ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಅಂತ ಪರೀಕ್ಷಿಸಲು ಐಕಾರ್ ಅನ್ನುವ ಒಂದು ಪರೀಕ್ಷಾ ಫೈಲ್ ಇದೆ. ಬರೀ 68 ಅಕ್ಷರಗಳ ಸಾಲು, ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಇದನ್ನು ವೈರಸ್ ಥರ ಹಿಡಿಯಬೇಕು ಅಂತ ಆಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಐಕಾರ್ ಸಂಸ್ಥೆಯ ಸೈಟಿನಿಂದ ಇಳಿಸಿ ನೋಡಿ. ಆಂಟಿವೈರಸ್ ತಡೆದರೆ ಸರಿ. ಸುಮ್ಮನಿದ್ದರೆ ಇನ್ನೂ ಏನೋ ಕೆಟ್ಟಿದೆ.

ಫೈಲ್‌ಗಳೇ ಲಾಕ್ ಆಗಿದ್ದರೆ

ಫೈಲ್‌ಗಳ ಹೆಸರಿನ ಕೊನೆ ಬದಲಾಗಿ, ಹಣ ಕೇಳುವ ಪತ್ರ ಬಿದ್ದಿದ್ದರೆ ಅದು ರ್ಯಾನ್ಸಮ್‌ವೇರ್. ಹಣ ಕೊಡಬೇಡಿ, ಕೊಟ್ಟರೂ ಫೈಲ್ ಸಿಗುವ ಖಾತ್ರಿ ಇಲ್ಲ. ಇಂಟರ್ನೆಟ್ ತೆಗೆಯಿರಿ. ಲಾಕ್ ಆದ ಫೈಲ್‌ಗಳನ್ನೂ ಆ ಪತ್ರವನ್ನೂ ಅಳಿಸಬೇಡಿ, ಹೆಸರು ಬದಲಿಸಬೇಡಿ, ಒಂದು ಖಾಲಿ ಡಿಸ್ಕಿಗೆ ಕಾಪಿ ಮಾಡಿಡಿ. ನೆದರ್‌ಲೆಂಡ್ಸ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಕೆಲವು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ ನೋ ಮೋರ್ ರ್ಯಾನ್ಸಮ್ ಅನ್ನುವ ಸೈಟಿನಲ್ಲಿ ಹಲವು ರ್ಯಾನ್ಸಮ್‌ವೇರ್‌ಗಳಿಗೆ ಬೀಗ ತೆಗೆಯುವ ಟೂಲ್‌ಗಳು ಉಚಿತವಾಗಿ ಸಿಗುತ್ತವೆ. ಇವತ್ತು ನಿಮ್ಮದಕ್ಕೆ ಇಲ್ಲದಿದ್ದರೂ ಮುಂದೆ ಬರಬಹುದು, ಅದಕ್ಕೇ ಕಾಪಿ ಇಟ್ಟುಕೊಳ್ಳಿ ಅನ್ನುತ್ತಿರುವುದು. ಇನ್ನು ಅಪ್‌ಡೇಟ್ ಮುಂದೂಡುವವರಿಗೆ ಒಂದು ಮಾತು: 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಅಲ್ಲಾಡಿಸಿದ ವಾನಾಕ್ರೈ ರ್ಯಾನ್ಸಮ್‌ವೇರ್ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಬಿಟ್ಟಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದನ್ನೇ ಬಳಸುತ್ತಿದ್ದರೆ 11ಕ್ಕೆ ಹೋಗಿ.

ಶುಚಿಯಾದ ಮೇಲೆ

ವೈರಸ್ ಹೋಯಿತು ಅಂತ ಅಲ್ಲಿಗೇ ಬಿಡಬೇಡಿ. ಈಗಿನ ಎಷ್ಟೋ ವೈರಸ್‌ಗಳು ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಕುಕೀಗಳನ್ನೂ (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟ್ ನೆನಪಿಟ್ಟುಕೊಳ್ಳುವ ಗುರುತು) ಕೆಲವೇ ನಿಮಿಷಗಳಲ್ಲಿ ಕದ್ದು ಕಳಿಸಿಬಿಡುತ್ತವೆ. ಕುಕೀ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೀವೇ ಅಂತ ಒಳಗೆ ಹೋಗಬಹುದು. ಆದ್ದರಿಂದ ಫೋನಿನಿಂದ ಅಥವಾ ಬೇರೆ ಕಂಪ್ಯೂಟರಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಯಾಕೆಂದರೆ ಮಿಕ್ಕೆಲ್ಲ ಖಾತೆಗಳ ಪಾಸ್‌ವರ್ಡ್ ರಿಸೆಟ್ ಅಲ್ಲಿಗೇ ಬರುತ್ತದೆ. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆ ಒತ್ತಿ. ನಿಮ್ಮ ಮೇಲ್ ಬೇರೆ ಯಾರಿಗಾದರೂ ಫಾರ್ವರ್ಡ್ ಆಗುತ್ತಿದೆಯೇ, ರಿಕವರಿ ಫೋನ್ ನಂಬರ್ ನಿಮ್ಮದೇ ಇದೆಯೇ ನೋಡಿ. ಆಮೇಲೆ ಬ್ಯಾಂಕ್, ಆಮೇಲೆ ಮಿಕ್ಕಿದ್ದು.

ಎರಡು ಮೂರು ಸ್ಕ್ಯಾನ್ ಆದ ಮೇಲೂ ಅನುಮಾನ ಉಳಿದಿದ್ದರೆ, ಅಥವಾ ಅಪರಿಚಿತರ ಕೈಗೆ ಕಂಪ್ಯೂಟರ್ ಕೊಟ್ಟಿದ್ದರೆ, ವಿಂಡೋಸ್ ಹೊಸದಾಗಿ ಹಾಕುವುದೇ ವಾಸಿ. ಚೆನ್ನಾಗಿರುವ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿಕೊಳ್ಳಿ. ಆ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ಬಳಸಿ. ಇನ್‌ಸ್ಟಾಲ್ ಮಾಡುವಾಗ ಹಳೆಯ ಪಾರ್ಟಿಶನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ಅಳಿಸಬೇಕು, ಅಂದರೆ ಅದಕ್ಕೂ ಮೊದಲು ಫೋಟೊ, ದಾಖಲೆಗಳ ಕಾಪಿ ಹೊರಗೆ ಬಂದಿರಬೇಕು. ವಾಪಸ್ ಹಾಕುವ ಮೊದಲು ಆ ಕಾಪಿಯನ್ನೂ ಸ್ಕ್ಯಾನ್ ಮಾಡಿ. ಪ್ರೋಗ್ರಾಂಗಳು, ಸೆಟಪ್ ಫೈಲ್‌ಗಳನ್ನು ಮಾತ್ರ ಹಳೆಯ ಡಿಸ್ಕಿನಿಂದ ತರಬೇಡಿ, ಒಂದೊಂದನ್ನೂ ಅದರದೇ ಸೈಟಿನಿಂದ ಹೊಸದಾಗಿ ಇಳಿಸಿಕೊಳ್ಳಿ.